ಒಂದು ಬೇರಿಗಿದ್ದ ಹೆಸರು

ದೇವಣಿ ದನಕ್ಕೆ ಮೈಮೇಲಿನ ಮಚ್ಚೆಯೇ ಮರ್ಯಾದೆ. ಉದಗೀರ, ನಿಲಂಗಾ, ಅಹ್ಮದಪುರದ ಕಡೆಯ ರೈತರು ಈ ತಳಿಯನ್ನು ಬಣ್ಣ ನೋಡಿ ಮೂರು ಹೆಸರಿನಿಂದ ಕರೆಯುತ್ತಾರೆ. ಮೈಯೆಲ್ಲ ಬಿಳುಪಾಗಿದ್ದು ಮುಖದ ಎರಡೂ ಪಕ್ಕ ಕಪ್ಪಿದ್ದರೆ ವಾನೆರಾ. ಹೊಟ್ಟೆಯ ಕೆಳಭಾಗದಲ್ಲಿ ಕಪ್ಪು ಚುಕ್ಕೆ ಇದ್ದರೆ ಬಾಳಂಕ್ಯಾ. ಬಿಳಿ ಮೈಮೇಲೆ ಕಪ್ಪು ಮಚ್ಚೆ ಅಡ್ಡಾದಿಡ್ಡಿ ಹರಡಿದ್ದರೆ ಶೇವರಾ. ಸಂತೆಯಲ್ಲಿ ಹೋರಿಯನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಾರೆ, ಮಚ್ಚೆ ಕಾಣಲಿ ಅಂತ.

ಅದೇ ಅಂಗಳದಲ್ಲಿ ಆಡುವ ಹುಡುಗಿಯ ತೋಳಿನ ಮೇಲೆ ರೂಪಾಯಿ ಅಗಲದ ಮಸುಕು ಕಲೆಯೊಂದು ಎದ್ದರೆ, ಕೆರೆಯದ, ನೋಯದ, ಮುಟ್ಟಿದರೂ ಅರಿವಾಗದ ಕಲೆ ಎದ್ದರೆ, ಅದಕ್ಕೆ ಮನೆಯಲ್ಲಿ ಹೆಸರಿಲ್ಲ. ದನದ ಮಚ್ಚೆಗೆ ಮೂರು ಹೆಸರು ಕೊಟ್ಟ ನಾಲಿಗೆ ಇಲ್ಲಿ 'ಅದು' ಎಂಬಲ್ಲಿಗೆ ನಿಲ್ಲುತ್ತದೆ. 'ಅದು ಹ್ವಾದೇನು?' 'ಅದು ಇನ್ನಾ ಹಂಗೇ ಅದ.' ತುಂಬುತೋಳಿನ ಕುಪ್ಪಸ ಹೊಲಿಸುತ್ತಾರೆ.

ಹೆಸರಿಗೆ ಬರವಿದ್ದು ಹೀಗಾದದ್ದಲ್ಲ. ನಿಲಂಗಾ, ಉದಗೀರ ಎರಡೂ 1956ರ ಅಕ್ಟೋಬರ್ ಕೊನೆಯವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲೂಕುಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ಅಹ್ಮದಪುರದ ಜೊತೆ ಅವು ಉಸ್ಮಾನಾಬಾದ್ ಜಿಲ್ಲೆಗೆ ಹೋದವು. 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅದರೊಳಗೆ ಬಂದವು. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಉಮರ್ಗಾ ಉಸ್ಮಾನಾಬಾದಿನಲ್ಲೇ, ಇಂದಿನ ಧಾರಾಶಿವದಲ್ಲೇ, ಉಳಿಯಿತು. ಒಲೆಯ ಮುಂದೆ ಕನ್ನಡ, ಬಜಾರದಲ್ಲಿ ಮರಾಠಿ, ನಿಜಾಮರ ಕಾಲದ ಕಚೇರಿ ಮತ್ತು ದವಾಖಾನೆಯಲ್ಲಿ ಉರ್ದು. ಒಂದು ಕಾಯಿಲೆಗೆ ಮೂರು ಬಾಯಿಂದ ಬಂದ ಹೆಸರುಗಳ ರಾಶಿಯೇ ಇಲ್ಲಿತ್ತು: ಕನ್ನಡದ ತೊನ್ನು, ಕುಷ್ಠ, ದೊಡ್ಡ ರೋಗ; ಮರಾಠಿಯ ಮಹಾರೋಗ, ರಕ್ತಪಿತಿ; ಉರ್ದುವಿನ ಜುಜಾಮ್, ಕೋಢ್. ಇಷ್ಟಿದ್ದೂ ಬಾಯಿಗೆ ಬರುತ್ತಿದ್ದದ್ದು ಬೇರೆಯೇ. ಸಿಬ್ಬ. ಗಜಕರ್ಣ. ಪಿತ್ತ. ನಂಜು. 'ಯಾರರೆ ಕೇಳದ್ರ ಉಷ್ಣ ಆಗ್ಯಾದ ಅನು' ಎಂದು ಅತ್ತೆ ಸೊಸೆಗೆ ಹೇಳಿಕೊಡುವ ಮಾತು. ಸಣ್ಣ ರೋಗದ ಹೆಸರನ್ನು ದೊಡ್ಡ ರೋಗದ ಮೇಲೆ ಹೊದಿಸುವುದು ಈ ಗಡಿಯ ಹಳೆಯ ಹೊದಿಕೆ.

ಮಗುವನ್ನು ಖೋಲಿಯೊಳಗೆ ಬಚ್ಚಿಡುವ ಮೊದಲೇ ಭಾಷೆ ಬಚ್ಚಿಡುವ ಕೆಲಸ ಮುಗಿಸಿರುತ್ತದೆ. ಅದು ಹೇಗೆ ಆಯಿತೆಂದು ತಿಳಿಯಲು ಈ ಹೆಸರುಗಳಲ್ಲಿ ಎಲ್ಲಕ್ಕಿಂತ ಹಿರಿಯದಾದ ಕುಷ್ಠದ ಬೆನ್ನು ಹತ್ತಬೇಕು.

ಕುಷ್ಠ ಮೊದಲು ಕಾಣಿಸಿಕೊಳ್ಳುವುದು ಔಷಧಿಯಾಗಿ. ಅಥರ್ವವೇದದಲ್ಲಿ ಕುಷ್ಠ ಎಂದರೆ ಹಿಮದ ಬೆಟ್ಟದ ಎತ್ತರದಲ್ಲಿ ಹುಟ್ಟುವ ಒಂದು ಗಿಡ, ತಕ್ಮನ್ ಎಂಬ ಜ್ವರವನ್ನು ಓಡಿಸುವ ಬೇರು. ಸೋಮದ ಗೆಳೆಯನೆಂದು ಅದನ್ನು ಹೊಗಳಿದ್ದಾರೆ. ಮೈಮೇಲಿನ ಬಿಳಿ ಕಲೆಗೆ ಆ ವೇದದಲ್ಲಿರುವ ಶಬ್ದ ಬೇರೆ, ಕಿಲಾಸ. ಅದನ್ನು ಹೋಗಲಾಡಿಸಿ ಮೈಬಣ್ಣ ಮರಳಿಸು ಎಂದು ಇನ್ನೊಂದು ಕಪ್ಪು ಗಿಡವನ್ನು ಬೇಡಿಕೊಳ್ಳುತ್ತಾರೆ. ಅಂದರೆ ಆ ಕಾಲದ ತಾಯಿಯೊಬ್ಬಳು ಕುಷ್ಠ ಎಂದು ಕೂಗಿದ್ದರೆ ಮಗುವಿನ ಜ್ವರಕ್ಕೆ ಮದ್ದು ತನ್ನಿ ಎಂದರ್ಥ.

ಆ ಬೇರು ಕಾಶ್ಮೀರದ ಕಡೆಯಿಂದ ಇಳಿದು ದೂರದೂರ ಹೋಯಿತು, ಹೆಸರನ್ನೂ ಹೊತ್ತುಕೊಂಡು ಹೋಯಿತು. ಗ್ರೀಕರಲ್ಲಿ ಕೋಸ್ತೋಸ್, ರೋಮನ್ನರಲ್ಲಿ ಕೋಸ್ಟಸ್. ಕ್ರಿಸ್ತಶಕ 1ನೆಯ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕರ ಕೈಪಿಡಿ ಭರೂಚ್ ಬಂದರಿನಿಂದ ಹಡಗೇರುತ್ತಿದ್ದ ಸರಕುಗಳಲ್ಲಿ ಇದನ್ನು ಹೆಸರಿಸುತ್ತದೆ. ಅದೇ ಬಂದರಿಗೆ ಬಟ್ಟೆ ಕಳಿಸುತ್ತಿದ್ದ ಒಳನಾಡಿನ ಪೇಟೆಗಳಲ್ಲಿ ತಗರವೂ ಒಂದು ಎನ್ನುತ್ತದೆ. ತಗರ ಅಂದರೆ ಇಂದಿನ ತೇರ್, ಉಮರ್ಗಾ ಇರುವ ಜಿಲ್ಲೆಯದೇ ಊರು. ನಮ್ಮ ಗಡಿಯ ಗಾಡಿಗಳು ಬಟ್ಟೆ ಇಳಿಸಿದ ಹಡಗುಕಟ್ಟೆಯಲ್ಲಿ ಕುಷ್ಠದ ಮೂಟೆಗಳು ಘಮಘಮಿಸುತ್ತಿದ್ದವು. ಆ ಹೆಸರಿಗೆ ಯಾರೂ ಮೂಗು ಮುಚ್ಚಿಕೊಂಡಿರಲಿಕ್ಕಿಲ್ಲ.

ಆಯುರ್ವೇದದ ಸಂಹಿತೆಗಳಿಗೆ ಬರುವಷ್ಟರಲ್ಲಿ ಇದೇ ಶಬ್ದ ಚರ್ಮರೋಗಗಳ ಒಂದು ದೊಡ್ಡ ಗುಂಪಿನ ಹೆಸರಾಗಿದೆ. ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ, ಒಟ್ಟು ಹದಿನೆಂಟು. ಈ ಹದಿನೆಂಟರಲ್ಲಿ ಇಂದು ನಾವು ತುರಿ, ಹುಳುಕಡ್ಡಿ, ಇಸುಬು ಎನ್ನುವಂಥವೂ ಸೇರಿವೆ. ವೈಯಾಕರಣರು ಕುಷ್ ಧಾತುವಿನಿಂದ, ಕೀಳುವುದು ಸುಲಿಯುವುದು ಎಂಬ ಅರ್ಥದಿಂದ, ಇದನ್ನು ಬಿಡಿಸಿದರು. ಗಿಡ ಮಾತ್ರ ಜಾಗ ಬಿಡಲಿಲ್ಲ. ಚರಕ ಹೇಳುವ ಲೇಪಗಳಲ್ಲಿ ಕುಷ್ಠಕ್ಕೆ ಹಚ್ಚುವ ಮದ್ದಿನೊಳಗೆ ಕುಷ್ಠವೇ ಇದೆ. ರೋಗ ಮತ್ತು ಮದ್ದು ಒಂದೇ ಹೆಸರಿನಲ್ಲಿ ಒಂದೇ ಕಲ್ಲಿನ ಮೇಲೆ ಅರೆಯಲ್ಪಡುತ್ತಿದ್ದ ಕಾಲ ಅದು.

ಪ್ರಾಕೃತದ ಬಾಯಲ್ಲಿ ಈ ಶಬ್ದ ಕುಟ್ಠ ಆಯಿತು, ಕೋಢ ಆಯಿತು. ಉತ್ತರದ ಹಿಂದಿಯಲ್ಲಿ ಕೋಢ್ ಎಂದರೆ ನೇರ ದೊಡ್ಡ ರೋಗವೇ. ಮರಾಠಿಯ ಕೋಡ ಇಂದು ಬೆಳ್ಳಗಿನ ಕಲೆಗೆ, ಮೈಬಣ್ಣ ಮಾತ್ರ ಹೋಗುವ, ಯಾರಿಗೂ ಅಂಟದ ತೊನ್ನಿಗೆ ಸಲ್ಲುತ್ತದೆ. ಮರಾಠಿಯಲ್ಲಿ ಇನ್ನೊಂದು ಕೋಡ ಇದೆ. ಮಕ್ಕಳನ್ನು ಮುದ್ದಿಸಿ ಬೇಡಿದ್ದು ಕೊಡಿಸುವುದು ಕೋಡ ಪುರವಣೆ. ಕೋಡಕೌತುಕ ಎಂದರೆ ಲಾಲನೆ. ಇದು ಪ್ರಾಕೃತದ ಕೋಡ್ಡ ಎಂಬ ಬೇರೆ ಶಬ್ದದಿಂದ ಬಂದದ್ದು, ಕುಷ್ಠಕ್ಕೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಆದರೂ ಬಜಾರದ ಮರಾಠಿಯಲ್ಲಿ ಒಂದೇ ಉಚ್ಚಾರಕ್ಕೆ ಮಗುವಿನ ಮುದ್ದೂ ಮಗುವಿನ ಕಲೆಯೂ ಬಂದು ನಿಂತಿವೆ. ಶಬ್ದಗಳ ಈ ಕಾಕತಾಳೀಯದಿಂದ ಏನನ್ನೂ ಸಾಧಿಸಲಾಗದು ಎಂದು ಗೊತ್ತು. ಮರೆಯಲೂ ಆಗುವುದಿಲ್ಲ.

ಮನೆಯವರು ಬಚ್ಚಿಟ್ಟ ಕುಷ್ಠದ ಹಳೆಯ ಕಥೆಯೊಂದು ಪಾಲಿ ಭಾಷೆಯ ಅಟ್ಠಕಥೆಗಳಲ್ಲಿದೆ. ಶಾಕ್ಯರ, ಅಂದರೆ ಬುದ್ಧನ ಮನೆತನದ, ಮೂಲವನ್ನು ಹೇಳುವ ಕಥೆ. ಓಕ್ಕಾಕ ರಾಜನ ಮಕ್ಕಳು ನಾಡು ಬಿಟ್ಟು ಕಪಿಲವಸ್ತುವನ್ನು ಕಟ್ಟುತ್ತಾರೆ. ಅವರ ಹಿರಿಯ ಅಕ್ಕ ಪಿಯಾ. ತಾಯಿಯ ಸ್ಥಾನದಲ್ಲಿದ್ದವಳು. ಅವಳಿಗೆ ಕುಟ್ಠ ಬರುತ್ತದೆ, ಮೈಯೆಲ್ಲ ಕಂಚುವಾಳದ ಹೂವಿನ ಹಾಗೆ ಕಲೆ. ಇವಳ ಜೊತೆ ಕೂತು ಉಂಡರೆ ರೋಗ ಹತ್ತೀತು ಎಂದು ತಮ್ಮಂದಿರಿಗೆ ಅಂಜಿಕೆ. ಒಂದು ದಿನ ಉದ್ಯಾನದಲ್ಲಿ ಆಡಿ ಬರೋಣ ಎಂದು ಅವಳನ್ನು ರಥದಲ್ಲಿ ಕೂಡಿಸಿಕೊಂಡು ಕಾಡಿಗೆ ಹೋಗುತ್ತಾರೆ. ನೆಲ ಅಗೆದು ಒಳಗೆ ಮನೆ ಮಾಡಿಸುತ್ತಾರೆ, ತಿನ್ನಲು ಕುಡಿಯಲು ಬೇಕಾದ್ದೆಲ್ಲ ಇಡುತ್ತಾರೆ, ಅವಳನ್ನು ಇಳಿಸಿ ಮೇಲೆ ಹಲಗೆ ಮುಚ್ಚಿ ಮಣ್ಣೆಳೆದು ಹಿಂದಿರುಗುತ್ತಾರೆ.

ಅದೇ ಕಾಡಿನಲ್ಲಿ ಬನಾರಸಿನ ರಾಮನೆಂಬ ಅರಸ ಇದ್ದ. ಅವನಿಗೂ ಇದೇ ರೋಗ ಬಂದು ರಾಜ್ಯ ಬಿಟ್ಟು ಬಂದವನು. ಕಾಡಿನ ಬೇರು, ಎಲೆ ತಿಂದು ಗುಣವಾದವನು. ಒಂದು ರಾತ್ರಿ ಹುಲಿ ಮನುಷ್ಯರ ವಾಸನೆ ಹಿಡಿದು ಆ ಹಲಗೆಯನ್ನು ಕೆರೆಯುತ್ತದೆ. ಒಳಗಿನವಳು ಕಿರುಚುತ್ತಾಳೆ. ಬೆಳಗಾದ ಮೇಲೆ ಅರಸ ಹುಡುಕಿಕೊಂಡು ಬಂದು, ಮೇಲೆ ಬಾ ಎನ್ನುತ್ತಾನೆ. ಅವಳು ಬರುವುದಿಲ್ಲ. ನಾನು ಕ್ಷತ್ರಿಯರವಳು ಎನ್ನುತ್ತಾಳೆ. ನಾನೂ ಕ್ಷತ್ರಿಯನೇ ಎಂದು ಅವನು ಖಾತ್ರಿ ಮಾಡಿಕೊಟ್ಟ ಮೇಲೇ ಅವಳು ಹೊರಬರುವುದು. ತಾನು ಉಂಡ ಮದ್ದನ್ನೇ ಅವಳಿಗೂ ಕೊಟ್ಟು ಗುಣಪಡಿಸಿ ಮದುವೆಯಾಗುತ್ತಾನೆ. ಅವರ ಸಂತತಿಯೇ ಕೋಲಿಯರು. ಬುದ್ಧನನ್ನು ಹೆತ್ತ ಮಾಯಾದೇವಿ ಆ ಕಡೆಯವಳು ಎಂಬುದು ಸಂಪ್ರದಾಯ.

ತಮ್ಮಂದಿರು ಕೇಡಿಗರಲ್ಲ. ಗುಳಿಯೊಳಗೆ ಅನ್ನ ನೀರು ಇಟ್ಟು ಹೋದವರು. ಅಟ್ಟದ ಮೇಲೆ ಮಗುವನ್ನು ಕೂಡಿಸಿ ತಾಟಿನಲ್ಲಿ ರೊಟ್ಟಿ, ಪಲ್ಯೆ ಇಟ್ಟು ಇಳಿದುಬಂದ ಎಷ್ಟೋ ತಂದೆತಾಯಿಗಳ ಹಾಗೆ. ನನಗೆ ಈ ಕಥೆಯಲ್ಲಿ ಹುಲಿಗಿಂತ ಹೆಚ್ಚು ಭಯ ಹುಟ್ಟಿಸುವುದು ಪಿಯಾಳ ಮಾತು. ಹೂತಿಟ್ಟವರು ಹೋಗಿಯಾಗಿದೆ, ಮೇಲೆ ಹುಲಿ ಬಂದು ಹೋಗಿದೆ, ಕೈಹಿಡಿದು ಎತ್ತಲು ಒಬ್ಬ ಬಂದಿದ್ದಾನೆ. ಅವಳಿಗೆ ನೆನಪಾಗುವುದು ಕುಲ.

ಕುಷ್ಠ ಎಂಬ ಶಬ್ದ ಮೈಯಿಂದ ಕುಲಕ್ಕೆ ಹತ್ತಿದ ಜಾಗ ಇದು. ಆ ಏಣಿಯ ಒಂದು ಮೆಟ್ಟಿಲು ನಮ್ಮ ಮಗ್ಗುಲಲ್ಲೇ ಇದೆ, ಉಮರ್ಗಾದ ಪಕ್ಕದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಎಷ್ಟೇ ಸಿರಿವಂತ ಮನೆತನವಾದರೂ ಸಂಚಾರಿ ರೋಗವಿದ್ದರೆ ಅಲ್ಲಿಂದ ಹೆಣ್ಣು ತರಬಾರದು ಎನ್ನುತ್ತದೆ ಸ್ಮೃತಿ. ಸಂಚಾರಿ ರೋಗ ಯಾವುದು? ಬಿಳಿ ಕಲೆ, ಕುಷ್ಠ, ಅಪಸ್ಮಾರ ಮೊದಲಾದವು, ಶುಕ್ರ ಶೋಣಿತಗಳ ಮೂಲಕ ಮುಂದಿನವರೊಳಗೆ ಹೊಗುವಂಥವು ಎಂದು ವ್ಯಾಖ್ಯಾನ ಬಿಡಿಸುತ್ತದೆ. ಮನುಸ್ಮೃತಿ ಕೂಡ ಹೆಣ್ಣು ತರಬಾರದ ಮನೆತನಗಳ ಪಟ್ಟಿಯಲ್ಲಿ ಕುಷ್ಠಿಗಳ ಕುಲವನ್ನು ಸೇರಿಸಿದೆ. ಕುಲವನ್ನು, ಒಬ್ಬ ಕುಷ್ಠಿಯನ್ನಷ್ಟೇ ಅಲ್ಲ. ಅದೇ ಮನು ಇನ್ನೊಂದು ಕಡೆ, ಮಗಳಿಗೆ ಕುಷ್ಠವಿದೆ ಎಂದು ಮೊದಲೇ ಹೇಳಿ ಕೊಟ್ಟವನಿಗೆ ದಂಡವಿಲ್ಲ ಎನ್ನುತ್ತಾನೆ. ಮುಚ್ಚಿಟ್ಟು ಕೊಡುವವರು ಆಗಲೂ ಇದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆಸ್ತಿಯದೂ ಇದೇ ಕಥೆ. ವಾಸಿಯಾಗದ ರೋಗವಿದ್ದವನಿಗೆ ಅನ್ನ ಬಟ್ಟೆ ಕೊಡಬೇಕು, ಪಾಲು ಕೊಡಬೇಕಿಲ್ಲ ಎಂಬ ಸ್ಮೃತಿಯ ಮಾತನ್ನು ಕಲ್ಯಾಣದ ಈ ಗ್ರಂಥ ನೆಲೆಗೊಳಿಸಿತು. ಬ್ರಿಟಿಷರ ಕೋರ್ಟುಗಳು ಮಿತಾಕ್ಷರವನ್ನೇ ಹಿಂದೂಗಳ ಕಾಯ್ದೆಯೆಂದು ಹಿಡಿದಾಗ ತೀವ್ರ ಕುಷ್ಠವಿದ್ದವನಿಗೆ ಪಿತ್ರಾರ್ಜಿತ ಇಲ್ಲ ಎಂಬ ತೀರ್ಪುಗಳು ಬಂದವು. 1928ರ ಒಂದು ಕಾಯ್ದೆ ಅದನ್ನು ತೆಗೆದುಹಾಕಿತು. ಹೊಲದ ಪಾಲು, ಮದುವೆ ಎರಡೂ ಒಂದು ಶಬ್ದಕ್ಕೆ ನೇತುಬಿದ್ದಿದ್ದಾಗ ಯಾವ ಮನೆ ಆ ಶಬ್ದವನ್ನು ಬಾಯಿಬಿಟ್ಟು ಹೇಳೀತು? ಕಲೆ ಎದ್ದದ್ದು ಕಿರಿಯ ಮಗುವಿನ ತೋಳಿನ ಮೇಲಾದರೂ ಮುಚ್ಚಬೇಕಾಗಿದ್ದದ್ದು ಹಿರಿಯಳ ಸೋಯರಿಕೆಗಾಗಿ. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದ ದಿನ ಆ ಮಗು ಸೋದರಮಾವನ ಊರಿಗೆ ಹೋಗಿರುತ್ತದೆ. ಭಾಲ್ಕಿಗೋ, ಅಕ್ಕಲಕೋಟೆಗೋ. ಗಡಿಯ ಮನೆತನಗಳ ನೆಂಟಸ್ತಿಕೆ ಮೂರು ಜಿಲ್ಲೆಗೆ ಹರಡಿರುವುದರಿಂದ ಮಕ್ಕಳನ್ನು ಕಳಿಸಲು ಊರಿಗೆ ಕೊರತೆಯಿರಲಿಲ್ಲ. ಲಗ್ನದಲ್ಲಿ ಯಾರಾದರೂ 'ಸಣ್ಣಾಕಿ ಎಲ್ಲಿ?' ಎಂದರೆ ಸಾಲಿಗೆ ಹೋಗ್ಯಾಳ ಎಂಬ ಉತ್ತರ ತಯಾರು.

ಕಾವ್ಯ, ಪುರಾಣಗಳೂ ಕೈಯಾಡಿಸಿವೆ. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿ ವಿದ್ಯೆ ಕಲಿಸಿದ ಮಾವನಿಗೆ ಕೃತಘ್ನನಾದ ವಾಯುಭೂತಿ ಕುಷ್ಠ ಬಂದು ಸಾಯುತ್ತಾನೆ, ಆಮೇಲೆ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾನೆ. ಕೃಷ್ಣ ತನ್ನ ಮಗ ಸಾಂಬನಿಗೆ ಶಪಿಸಿದ ರೋಗವೂ ಇದೇ. ಅವನು ಸೂರ್ಯನನ್ನು ಒಲಿಸಿಕೊಂಡು ಗುಣವಾದ. ಪುರಾಣ ಬಿಸಿಲಿಗೆ ಹೋಗು ಎಂದಿತು, ಮನೆಯವರು ಕತ್ತಲಿಗೆ ತಳ್ಳಿದರು. ಪಾಪದ ಫಲ ಎಂಬ ಅರ್ಥ ಒಮ್ಮೆ ಶಬ್ದಕ್ಕೆ ಅಂಟಿದ ಮೇಲೆ ಅದು ಎಷ್ಟು ತೊಳೆದರೂ ಹೋಗಿಲ್ಲ. ಭ್ರಷ್ಟಾಚಾರವೆಂಬ ಕುಷ್ಠ, ಜಾತೀಯತೆಯೆಂಬ ಕುಷ್ಠ ಎಂದು ಪತ್ರಿಕೆಗಳಲ್ಲಿ ಇವತ್ತಿಗೂ ಬರೆಯುತ್ತೇವೆ. ಬರೆಯುವವರು ಪ್ರಗತಿಪರರೇ. ಗುಳಿಗೆ ನುಂಗಿ ಗುಣವಾದ ಒಬ್ಬ ಹುಡುಗ ಆ ಸಾಲನ್ನು ಓದುತ್ತಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ದೊಡ್ಡ ರೋಗ, ಮಹಾರೋಗ ಎಂಬ ಹೆಸರಿನ ಹಿಂದೆ ಒಂದು ಲೆಕ್ಕವಿದೆ. ಸುಶ್ರುತನ ಪ್ರಕಾರ ಮಹಾಗದಗಳು, ಗುಣಪಡಿಸಲು ಕಷ್ಟವಾದ ದೊಡ್ಡ ರೋಗಗಳು, ಎಂಟು: ವಾತವ್ಯಾಧಿ, ಪ್ರಮೇಹ, ಕುಷ್ಠ, ಅರ್ಶಸ್ಸು, ಭಗಂದರ, ಅಶ್ಮರಿ, ಮೂಢಗರ್ಭ, ಉದರ. ಅಂದರೆ ಸಕ್ಕರೆ ಕಾಯಿಲೆಯ ಬಳಗವೂ ಮೂಲವ್ಯಾಧಿಯೂ ಮೂತ್ರಕೋಶದ ಕಲ್ಲೂ ಒಂದು ಕಾಲಕ್ಕೆ ದೊಡ್ಡವರ ಸಾಲಿನಲ್ಲಿದ್ದವು. ಜನರ ಬಾಯಿ ಏಳನ್ನು ಕೈಬಿಟ್ಟು ಒಂದಕ್ಕೆ ಮಾತ್ರ ದೊಡ್ಡಸ್ತಿಕೆ ಉಳಿಸಿತು. ಮರಾಠಿಯ ಮಹಾರೋಗ, ಕನ್ನಡದ ದೊಡ್ಡ ರೋಗ, ತೆಲುಗಿನ ಪೆದ್ದ ರೋಗಂ, ತಮಿಳಿನ ಪೆರುನೋಯ್, ನಾಲ್ಕೂ ಒಂದೇ ಅರ್ಥದವು. ಇವನ್ನು ಬೈಗುಳೆಂದು ಕಟ್ಟಿದ್ದಲ್ಲ, ಹೆಸರು ಹೇಳದಿರಲಿಕ್ಕೆ ಮಾಡಿಕೊಂಡ ಮರ್ಯಾದೆಯ ಸುತ್ತುದಾರಿಗಳು ಅವು. ಸಿಡುಬಿಗೆ ಅಮ್ಮ ಎಂದ ಹಾಗೆ. ಆದರೆ ಅಮ್ಮನಿಗೆ ಗುಡಿ ಸಿಕ್ಕಿತು, ದೊಡ್ಡ ರೋಗಕ್ಕೆ ಊರ ಹೊರಗಿನ ಗುಡಿಸಲು. ಬಾಬಾ ಆಮ್ಟೆ 1949ರಲ್ಲಿ ವರೋರಾದಲ್ಲಿ ಸಂಸ್ಥೆ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ಮಹಾರೋಗಿ ಸೇವಾ ಸಮಿತಿ. ಅಲ್ಲಿಯ ಊರಿಗೆ ಮಾತ್ರ ಆನಂದವನ ಎಂದರು. ಇಂದು ಜನ ನೆನಪಿಟ್ಟಿರುವುದು ಎರಡನೆಯದನ್ನು.

ರಕ್ತಪಿತಿಯದು ಇನ್ನೊಂದು ಬಗೆಯ ಮರೆ. ಆಯುರ್ವೇದದ ರಕ್ತಪಿತ್ತ ಎಂದರೆ ಮೂಗು, ಬಾಯಿಯಿಂದ ರಕ್ತ ಸೋರುವ ಬೇರೆಯೇ ಕಾಯಿಲೆ. ಮರಾಠಿ ಆ ಹೆಸರನ್ನು ಎರವಲು ತಂದು ಇದಕ್ಕೆ ತೊಡಿಸಿತು. ನಮ್ಮ ತೊನ್ನಿನ ನಡೆ ಇದಕ್ಕೆ ತಿರುಗುಮುರುಗು: ಹಿಂದೆ ದೊಡ್ಡ ರೋಗಕ್ಕೂ ಬಿಳಿ ಕಲೆಗೂ ಒಟ್ಟಿಗೆ ನಡೆಯುತ್ತಿದ್ದ ಶಬ್ದ ಈಗ ಬಿಳಿ ಕಲೆಯೊಂದಕ್ಕೇ ನಿಂತಿದೆ. ಅದರ ಫಲವಾಗಿ, ಯಾರಿಗೂ ಅಂಟದ, ಬರಿ ಬಣ್ಣ ಹೋಗುವ ತೊಂದರೆಯಿದ್ದ ಮಕ್ಕಳು ಹಳೆಯ ಶಬ್ದದ ಹಳೆಯ ಸಾಲವನ್ನು ತೀರಿಸುತ್ತಿದ್ದಾರೆ.

ಈಗ ಸ್ವಲ್ಪ ಹೊರಗೆ ಹೋಗಬೇಕು, ನಾರ್ವೆಯ ಬೆರ್ಗೆನ್ ಪಟ್ಟಣಕ್ಕೆ. ಅಲ್ಲಿಯ ಡೇನಿಯಲ್ಸನ್ ಎಂಬ ದೊಡ್ಡ ವೈದ್ಯ ಈ ರೋಗ ರಕ್ತದಲ್ಲಿ, ವಂಶದಲ್ಲಿ ಬರುತ್ತದೆ ಎಂದು ಗಟ್ಟಿಯಾಗಿ ಹೇಳುತ್ತಿದ್ದ. ವಿಜ್ಞಾನೇಶ್ವರನಿಗೂ ಅವನಿಗೂ ಏಳೂವರೆ ಶತಮಾನದ ಅಂತರ, ಮಾತು ಹತ್ತಿರಹತ್ತಿರ ಒಂದೇ. 1873ರಲ್ಲಿ ಅದು ಒಂದು ಸೂಕ್ಷ್ಮಜೀವಿಯಿಂದ ಬರುವ ಕಾಯಿಲೆ ಎಂದು ಕಂಡುಹಿಡಿದ ಅರ್ಮೌವರ್ ಹ್ಯಾನ್ಸನ್ ಅದೇ ವರ್ಷ ಡೇನಿಯಲ್ಸನ್ನನ ಮಗಳನ್ನು ಮದುವೆಯಾದ. ರೋಗ ಕುಲದ್ದಲ್ಲ ಎಂದು ಮಾವನ 'ರಕ್ತ'ವನ್ನು ಅಳಿಯ ಅಲ್ಲಗಳೆದ ಈ ಬೀಗತನದ ಕಥೆ ನಮ್ಮ ಕಡೆ ಯಾಕೆ ಹರಿಕಥೆಯಾಗಲಿಲ್ಲವೋ.

ನಿಜಾಮ ರಾಜ್ಯದಲ್ಲಿ ಹೊಸ ತಿಳಿವಿನ ಬಾಗಿಲು ನಿಜಾಮಾಬಾದಿನ ಹತ್ತಿರದ ಡಿಚ್‌ಪಲ್ಲಿಯ ಆಸ್ಪತ್ರೆ. 1915ರಲ್ಲಿ ಇಸಬೆಲ್ ಕೆರ್ ಎಂಬ ಮಿಷನರಿ ವೈದ್ಯೆ, ಗಂಡ ಜಾರ್ಜ್ ಕೆರ್ ಜೊತೆ ಅದನ್ನು ಕಟ್ಟಿದರು. ಊರಿನ ಶ್ರೀಮಂತ ರಾಜಾ ನರಸಾಗೌಡರು ಹಣ ಕೊಟ್ಟರು. ಅಲ್ಲಿ ಕೊಡುತ್ತಿದ್ದದ್ದು ಗರುಡಫಲದ ಬೀಜದ ಎಣ್ಣೆಯ ಚುಚ್ಚುಮದ್ದು. ಗರುಡಫಲ ನಮ್ಮ ಪಶ್ಚಿಮಘಟ್ಟದ ಮರ. ಸುಶ್ರುತ ತುವರಕ ಎಂದು ಹೊಗಳಿದ ಮದ್ದು ಇದರದೇ ಎನ್ನುತ್ತಾರೆ. ಉದಗೀರ ವಿಕಾರಾಬಾದ್–ಪರಳಿ ರೈಲು ಹಾದಿಯ ಮೇಲಿದೆ. ರೈಲು ಬಂದ ಮೇಲೆ ಹೈದರಾಬಾದಿನ ಮೇಲಿಂದ ನಿಜಾಮಾಬಾದಿಗೆ ಹೋಗುವುದು ಕಷ್ಟವೇನೂ ಇರಲಿಲ್ಲ. ಆದರೆ ಹೋಗುವುದೆಂದರೆ ಶಬ್ದವನ್ನು ಒಪ್ಪಿಕೊಂಡ ಹಾಗೆ. ಟಿಕೆಟಿಗಿಂತ ಅದು ದುಬಾರಿ. ಮಿಷನ್ನುಗಳಲ್ಲಿ ರೋಗಿಗಳ ಮಕ್ಕಳನ್ನು ಬೇರೆ ಇಟ್ಟು ಸಾಕುವ ಮನೆಗಳಿದ್ದವು. ಆ ಮಕ್ಕಳಿಗೆ ಇಂಗ್ಲಿಷಿನಲ್ಲಿ ಇಟ್ಟ ಹೆಸರಿನ ಅರ್ಥ 'ಕಳಂಕ ತಗಲದವರು' ಎಂದು. ಒಳ್ಳೆಯ ಮನಸ್ಸಿನಿಂದಲೇ ಇಟ್ಟದ್ದು. ಹಾಗಾದರೆ ತಂದೆತಾಯಿ ಏನಾದರು ಎಂದು ಮಕ್ಕಳು ಕೇಳಿಕೊಂಡಿರಬೇಕು.

1940ರ ದಶಕದಲ್ಲಿ ಡ್ಯಾಪ್ಸೋನ್ ಎಂಬ ಮದ್ದು ಬಂತು, 1955ರಲ್ಲಿ ದೇಶದ ಕುಷ್ಠ ನಿಯಂತ್ರಣ ಕಾರ್ಯಕ್ರಮ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಹೇಳಿತು: ಕಲೆ ಕಡಿಮೆ ಇದ್ದವರಿಗೆ ಆರು ತಿಂಗಳು, ಹೆಚ್ಚಿದ್ದವರಿಗೆ ಮೊದಮೊದಲು ಕನಿಷ್ಠ ಎರಡು ವರ್ಷ, ಆಮೇಲೆ ಹನ್ನೆರಡು ತಿಂಗಳು. ಸಾಲೆಗೆ ಆರೋಗ್ಯ ಕಾರ್ಯಕರ್ತರು ಬಂದು ಹುಡುಗರ ಅಂಗಿ ಬಿಚ್ಚಿಸಿ ಸಾಲಾಗಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಕಲೆಯ ಮೇಲೆ ಹತ್ತಿಯ ಎಳೆಯೋ ಪೆನ್ನಿನ ತುದಿಯೋ ಮುಟ್ಟಿಸಿ, ಎಲ್ಲಿ ಮುಟ್ಟಿದೆ ತೋರಿಸು ಎನ್ನುತ್ತಿದ್ದರು. ಬಚ್ಚಿಟ್ಟ ಮಗು ಆ ದಿನ ಗೈರುಹಾಜರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತೇವಲ್ಲ, ಈ ಕಾಯಿಲೆಗೆ ಆ ಗಾದೆ ಹೊಂದುವುದಿಲ್ಲ. ಇದು ನೋಯುವುದಿಲ್ಲ, ಅದೇ ಇದರ ಕೇಡು. ಮೈಯೇ ಮೊದಲು ಮಾತು ನಿಲ್ಲಿಸುತ್ತದೆ. ರೋಗಾಣು ಹೊಕ್ಕು ಕಲೆ ಏಳಲು ಸಾಮಾನ್ಯವಾಗಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ಯಾರಿಂದ, ಎಂದು ಬಂತೆಂದು ಮನೆಯವರಿಗೆ ನೆನಪಾಗುವುದಿಲ್ಲ. ಹಾಗಾಗಿ ರಕ್ತವನ್ನೇ ದೂರುವುದು ಸುಲಭ. ಮಕ್ಕಳ ಮೊದಮೊದಲ ಕಲೆಗಳು ಎಷ್ಟೋ ಸಲ ತಾವೇ ಮಾಯುವುದೂ ಉಂಟು. ಆಗ ಹರಕೆಗೆ ಹೆಸರು ಬಂತು, ಬಚ್ಚಿಟ್ಟದ್ದು ಸರಿಯೆಂದಾಯಿತು. ಮಾಯದವರ ಬೆರಳು ಮಡಚಿಕೊಂಡವು.

ಮದ್ದು ಸಿಕ್ಕ ಮೇಲೂ ಮುಚ್ಚುಮರೆ ನಿಲ್ಲಲಿಲ್ಲ, ಅದಕ್ಕೆ ಮದ್ದೇ ಒಂದು ಕಾರಣ. ಹೆಚ್ಚು ಕಲೆಯಿದ್ದವರಿಗೆ ಕೊಡುವ ಗುಳಿಗೆಗಳಲ್ಲಿ ಒಂದಾದ ಕ್ಲೊಫಾಜಿಮೈನ್ ಕೆಲ ಕಾಲ ಚರ್ಮವನ್ನು ಕಂದುಗಪ್ಪು ಮಾಡುತ್ತದೆ. ಮುಖ ನೋಡಿಯೇ ಗೊತ್ತಾಗುತ್ತದೆ. ಇನ್ನೊಂದು, ರಿಫಾಂಪಿಸಿನ್, ನುಂಗಿದ ದಿನ ಮೂತ್ರವನ್ನು ಕೆಂಪಾಗಿಸುತ್ತದೆ. ಇಷ್ಟು ದಿನ ಕಲೆಯನ್ನು ಮರೆಮಾಡಿದ ತಾಯಿ ಈಗ ಗುಳಿಗೆಯ ಪಾಕೀಟನ್ನೂ ಮರೆಮಾಡಬೇಕಾಯಿತು. ಮಗುವಿಗೆ ಬಿಸಿಲು ಬಡಿದಿದೆ ಎನ್ನುವುದು ಆಗ ಹುಟ್ಟಿಕೊಂಡ ಹೊಸ ಉತ್ತರ.

ಕಾಯ್ದೆಯ ಭಾಷೆ ಎಲ್ಲರಿಗಿಂತ ನಿಧಾನ. ಬ್ರಿಟಿಷರ 1898ರ ಕುಷ್ಠಿಗಳ ಕಾಯ್ದೆ 2016ರವರೆಗೆ ಪುಸ್ತಕದಲ್ಲಿತ್ತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ತೀವ್ರವಾದ, ವಾಸಿಯಾಗದ ಕುಷ್ಠ ವಿಚ್ಛೇದನಕ್ಕೆ ಕಾರಣವಾಗಿ ನಿಂತಿತ್ತು. ಮುಸ್ಲಿಮರ 1939ರ ಕಾಯ್ದೆಯಲ್ಲೂ ಅದು ಇತ್ತು. ಮಿತಾಕ್ಷರದ ಪಟ್ಟಿಯಲ್ಲಿ ಕುಷ್ಠದ ಪಕ್ಕ ಕೂತಿದ್ದ ಅಪಸ್ಮಾರ ಹಿಂದೂ ವಿವಾಹ ಕಾಯ್ದೆಯಿಂದ ಹೊರಬಿದ್ದದ್ದು 1999ರಲ್ಲಿ. ಕುಷ್ಠ ಐದು ವೈಯಕ್ತಿಕ ಕಾಯ್ದೆಗಳಿಂದ ಒಟ್ಟಿಗೆ ಹೊರಬಿದ್ದದ್ದು 2019ರಲ್ಲಿ. ದೇಶದ ಮಟ್ಟದಲ್ಲಿ ರೋಗ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತು ಎಂದು ಸರ್ಕಾರ ಹೇಳಿದ 2005ರಿಂದ ಲೆಕ್ಕ ಹಾಕಿದರೂ ಹದಿನಾಲ್ಕು ವರ್ಷ ತಡ. ಅಷ್ಟೂ ದಿನ 'ವಾಸಿಯಾಗದ' ಎಂಬ ವಿಶೇಷಣ ವಾಸಿಯಾಗುವ ರೋಗದ ಹಿಂದೆ ನಡೆಯುತ್ತಿತ್ತು.

ಬ್ರೆಜಿಲ್ ದೇಶ 1995ರಲ್ಲಿ ಹಳೆಯ ಹೆಸರನ್ನು ಸರ್ಕಾರಿ ಬಳಕೆಯಿಂದ ಕಾಯ್ದೆ ಮಾಡಿಯೇ ತೆಗೆದು, ಹ್ಯಾನ್ಸನ್ನನ ಹೆಸರಿನಿಂದ ಹೊಸದನ್ನು ಮಾಡಿಕೊಂಡಿತು. ನಮ್ಮಲ್ಲೂ ಹಾಗೆ ಮಾಡಿದರೆ ಹೇಗೆ ಎಂಬವರಿದ್ದಾರೆ. ನನಗೆ ಅನುಮಾನ. ದೊಡ್ಡ ರೋಗವೂ ಒಂದು ಕಾಲದ ಮರ್ಯಾದೆಯ ಹೆಸರೇ ಆಗಿತ್ತು. ಹೆಸರಿಗಿಂತ ಕಾರ್ಯಕರ್ತರ ಮಾತಿನಲ್ಲಿ ಆಗಿರುವ ಬದಲಾವಣೆ ನನಗೆ ಹೆಚ್ಚು ಹಿಡಿಸುತ್ತದೆ. ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆ ಈಗ ರೋಗದ ಹೆಸರಿನಿಂದ ಶುರು ಮಾಡುವುದಿಲ್ಲ. ಗಡಿಯ ಆಚೆ ಮರಾಠಿಯಲ್ಲಿ 'ಚಟ್ಟಾ ಇದೆಯಾ' ಎಂದು ಕೇಳುತ್ತಾಳೆ, ಈಚೆ ಕನ್ನಡದಲ್ಲಿ 'ಮಚ್ಚೆ ಐತೇನವ್ವಾ, ಮುಟ್ಟಿದ್ರ ಗೊತ್ತಾಗಲ್ದು' ಎಂದು. ಕುಲದಿಂದ ಕೆಳಗಿಳಿಸಿ, ಪಾಪದಿಂದ ಬಿಡಿಸಿ, ಶಬ್ದವನ್ನು ಮತ್ತೆ ತೋಳಿನ ಮೇಲಿನ ರೂಪಾಯಿ ಅಗಲಕ್ಕೆ ತಂದಿಟ್ಟಿದ್ದಾಳೆ. ಮಚ್ಚೆ ದನದ ಸಂತೆಯ ಶಬ್ದ, ಅದೃಷ್ಟದ ಶಬ್ದ. ತೋರಿಸಿದರೆ ಮಾನ ಹೋಗದ ಶಬ್ದ.

ಕಾಶ್ಮೀರದ ಆ ಬೇರು ಇನ್ನೂ ಇದೆ. ಔಷಧಿ ಸಾಮಾನಿನ ಅಂಗಡಿಗೆ ಹೋಗಿ ಕನ್ನಡದಲ್ಲಿ ಕೋಷ್ಠ ಕೊಡಿ ಎಂದರೆ ಅಂಗಡಿಯವರು ತಲೆಯೆತ್ತಿ ಕೂಡ ನೋಡದೆ ಡಬ್ಬಿಗೆ ಕೈಹಾಕುತ್ತಾರೆ. ಕುಷ್ಠದ ಮೊದಲ ಸ್ವರ ತುಸು ಅಗಲವಾಗಿ ಬಾಯ್ದೆರೆದಿದೆ, ಅಷ್ಟರಿಂದಲೇ ರೋಗದ ನೆರಳು ತಪ್ಪಿದೆ. ಮರಾಠಿಯಲ್ಲಿ ಅದಕ್ಕೆ ಉಪಲೇಟ ಎಂಬ ಇನ್ನೊಂದು ಹೆಸರು ಹೆಚ್ಚು ಬಳಕೆಯಲ್ಲಿದೆ. ಅಡ್ಡಹೆಸರು ಹಾಕಿಕೊಂಡು ಬೇರೆ ಊರಿಗೆ ಹೋದ ಮಗುವಿನಂತೆ ಗಿಡವೂ ತಪ್ಪಿಸಿಕೊಂಡಿತೇ ಎಂದು ನನಗೆ ಅನಿಸಿದ್ದುಂಟು. ಹಿಂದಿಯ ಕೂಠ್ ಮಾತ್ರ ಹಳೆಯ ಹೆಸರಿನ ಹೊಸ್ತಿಲಲ್ಲೇ ಕೂತಿದೆ. ಕಾಗದದಲ್ಲಿ ಕಟ್ಟಿಕೊಡುತ್ತಾರೆ, ಕೈಗೆ ಬಹಳ ಹೊತ್ತು ಘಮ ಅಂಟಿಕೊಂಡಿರುತ್ತದೆ.